ಖಾದರಬಿಯ ಬಾಯಲ್ಲಿ ರೇವವ್ವನ ಕಥೆ

ಶಲವಡಿಯಲ್ಲಿ ರೇವವ್ವನ ಕಥೆ ಕೇಳದೆ ದೊಡ್ಡವರಾದವರು ಕಡಿಮೆ. ಹತ್ತಿ ಬಿಡಿಸುವ ಹೊಲದಲ್ಲಿ, ಮೆಣಸಿನಕಾಯಿಯ ತೊಟ್ಟು ಮುರಿಯುವ ಪಡಸಾಲೆಯಲ್ಲಿ, ಶಾವಿಗೆ ಹೊಸೆಯುವ ಕಟ್ಟೆಯ ಮೇಲೆ, ಎಲ್ಲಿ ಕೈತುಂಬ ಕೆಲಸವಿದ್ದು ಕಿವಿ ಖಾಲಿ ಇರುತ್ತಿದ್ದವೋ ಅಲ್ಲಿಗೆ ಅವಳನ್ನು ಕರೆಯುತ್ತಿದ್ದರು. ಅವಳ ಪಾಲಿನ ಕೆಲಸವನ್ನು ಉಳಿದವರೇ ಹಂಚಿಕೊಳ್ಳುತ್ತಿದ್ದರು. ಅವಳು ಬಾಯಿ ಬಿಟ್ಟರೆ ಸಾಕಿತ್ತು.

ರಾಜ ರಾಣಿಯರ ಕಥೆ ಅವಳ ಹತ್ತಿರ ಇರಲಿಲ್ಲ ಎಂದೇ ಹೇಳಬೇಕು. ಅವಳ ಕಥೆಯಲ್ಲಿ ಬರುವವರೆಲ್ಲ ಇದೇ ಊರಿನಲ್ಲಿ ಕಣ್ಣಿಗೆ ಬೀಳದೆ ವಾಸವಾಗಿದ್ದವರು. ಬಣವೆಯ ಹಿಂದೆ ಕೂತು ತಲೆ ಬಾಚಿಕೊಳ್ಳುವವಳು. ಹೆಂಗಸೊಬ್ಬಳೇ ಜೋಳ ಬೀಸುತ್ತ ಕೂತರೆ ಬೀಸುಕಲ್ಲಿನ ಗೂಟಕ್ಕೆ ತಾನೂ ಒಂದು ಕೈ ಹಾಕುವವಳು. ಮಟಮಟ ಮಧ್ಯಾಹ್ನ ಹೊಲದ ಬದುವಿನ ಮೇಲೆ ನೆರಳಿಲ್ಲದೆ ನಡೆದು ಹೋಗುವ ಮುದುಕ. ರೇವವ್ವ ಅವರನ್ನು ದೆವ್ವ ಅನ್ನುತ್ತಿರಲಿಲ್ಲ. 'ಅವರು' ಅನ್ನುತ್ತಿದ್ದಳು, ಒಂದಿಷ್ಟು ಮುಂಗೋಪವಿರುವ ನೆರೆಮನೆಯವರ ಸುದ್ದಿ ಹೇಳಿದ ಹಾಗೆ.

ಅವಳ ನಿಜವಾದ ನೆರೆಮನೆ ಖಾದರಬಿಯದು. ಎರಡೂ ಮನೆಯ ಹಿತ್ತಿಲ ನಡುವೆ ಎದೆಮಟ್ಟದ ಮಣ್ಣಿನ ಗೋಡೆ, ಗೋಡೆಯ ಬುಡದಲ್ಲಿ ಇಬ್ಬರಿಗೂ ಸೇರಿದ ಒಂದೇ ಬಚ್ಚಲ ಕಾಲುವೆ. ಕುದಿಯುವ ನೀರು ಚೆಲ್ಲುವ ಮುಂಚೆ ರೇವವ್ವ "ಸರೀರೆವ್ವಾ" ಅನ್ನುತ್ತಿದ್ದಳು, ಖಾದರಬಿ "ಬಿಸ್ಮಿಲ್ಲಾ" ಅನ್ನುತ್ತಿದ್ದಳು. ಕಾಣದವರ ಕಾಲು ಸುಡಬಾರದೆಂಬ ಕಾಳಜಿ ಇಬ್ಬರದೂ ಒಂದೇ. ಖಾದರಬಿ ನವಲಗುಂದದಿಂದ ಮದುವೆಯಾಗಿ ಬಂದವಳು. ಗಂಡ ಅಲ್ಲಾಭಕ್ಷ ಬಸ್ ನಿಲ್ಲುವಲ್ಲಿ ಸೈಕಲ್ಲು ಮೋಟಾರುಗಳ ಪಂಕ್ಚರ್ ತೆಗೆಯುತ್ತಿದ್ದ. ಇವಳು ಊರಿನವರ ಹಳೆಯ ಸೀರೆ ಧೋತರಗಳನ್ನೆಲ್ಲ ಕೂಡಿಸಿ ಕೌದಿ ಹೊಲಿದು ಕೊಡುತ್ತಿದ್ದಳು. ರೇವವ್ವ ಎಲ್ಲೇ ಕಥೆಗೆ ಕೂರಲಿ, ಖಾದರಬಿ ಕೌದಿ ಬಗಲಲ್ಲಿಟ್ಟುಕೊಂಡು ಬಂದು ಮೂಲೆ ಹಿಡಿಯುತ್ತಿದ್ದಳು. ಮಾತು ಕಡಿಮೆಯ ಹೆಂಗಸು. ಆದರೆ ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕಲ್ಲ, ಆ ಕೆಲಸ ಅವಳದು. ಸೂಜಿ ಒಳಗೆ ಹೋಗಿ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಒಂದು "ಹೂಂ".

ಹೀಗಿರುವಾಗ ರೇವವ್ವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಮಗ ಈರೇಶ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಗಂಟು ತೆಗೆದರು, ಜೀವಕ್ಕೇನೂ ಆಗಲಿಲ್ಲ. ಆದರೆ ಗಂಟು ದನಿಯ ನರಕ್ಕೇ ಸುತ್ತಿಕೊಂಡಿತ್ತಂತೆ. ಡಾಕ್ಟರು ಮೊದಲೇ ಹೇಳಿದ್ದ ಹಾಗೆ ದನಿ ಹೋಯಿತು. ಕಿವಿಯ ಹತ್ತಿರ ಬಾಯಿ ತಂದರೆ ಕೇಳುವಷ್ಟು ಪಿಸುಮಾತು ಉಳಿಯಿತು, ಅದೂ ನಾಲ್ಕು ಮಾತಾಡಿದರೆ ದಣಿವು.

ಊರಿಗೆ ಬಂದ ಮೇಲೆ ಹುಡುಗರು ಬಂದು ಪಡಸಾಲೆಯಲ್ಲಿ ಕೂತರು. ರೇವವ್ವ ಒಂದು ಕಥೆ ಶುರು ಮಾಡಿದಳು, ಮುಂದಿನ ಸಾಲಿನವರಿಗೂ ಕೇಳಿಸಲಿಲ್ಲ. ಹುಡುಗರು ಮರ್ಯಾದೆಗೆ ಒಂದಷ್ಟು ಹೊತ್ತು ಕೂತಿದ್ದು ಒಬ್ಬೊಬ್ಬರಾಗಿ ಎದ್ದು ಹೋದರು. ಅವತ್ತಿನಿಂದ ಅವಳು ನಾಲ್ಕು ಜನ ಕೂಡುವ ಕಡೆ ಹೋಗುವುದನ್ನು ಬಿಟ್ಟಳು. ಹೆಂಗಸರು ಕರೆಯಲು ಬಂದರೆ ಗಂಟಲಿನ ಗಾಯದ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಖಾದರಬಿ ದಿನಾ ಗೋಡೆಯ ಹತ್ತಿರ ಬಂದು ನಿಂತು, "ಅಕ್ಕಾ, ಊಟಾತೇನು?" ಎಂದು ಕೇಳುವುದು, ಇವಳು ತಲೆಯಾಡಿಸುವುದು, ಇಷ್ಟೇ ಮಾತು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಧಾರವಾಡದಿಂದ ಶೈಲಶ್ರೀ ಎಂಬ ಹುಡುಗಿ ಬಂದಳು. ಜೊತೆಗೆ ಕ್ಯಾಮೆರಾ ಹೊತ್ತ ಸಲೀಮ್, ಅಣ್ಣಿಗೇರಿಯವನು. ಹಳ್ಳಿಯ ಮನೆಗಳಲ್ಲಿ ಜನರ ಜೊತೆಗೇ ಬದುಕುವ 'ಅವರ' ಬಗ್ಗೆ ಇಬ್ಬರೂ ಸೇರಿ ಒಂದು ಸಿನಿಮಾ ಮಾಡುತ್ತಿದ್ದರು. ಶೈಲಶ್ರೀ ರೇವವ್ವನ ಕಾಲು ಮುಟ್ಟಿ ನಮಸ್ಕರಿಸಿದಳು.

"ಆಯಿ, ನಾ ಮಡಿವಾಳೆಪ್ಪ ಮಾಸ್ತರ ಮೊಮ್ಮಗಳ್ರಿ. ನಮ್ಮವ್ವ ಸಣ್ಣಾಕಿದ್ದಾಗ ಇದ ಪಡಸಾಲ್ಯಾಗ ಕುಂತು ನಿಮ್ಮ ಕಥಿ ಕೇಳ್ಯಾಳಂತ. ಹಗೇವಿನವ್ವನ ಕಥಿ ನನಗ ಅಕಿ ಹೇಳಿದ್ದು ಬರೇ ಅರ್ಧಾ. ಉಳದಿದ್ದು ಮರತಾಳಂತ. ಅದನ್ನ ಕೇಳಾಕ ಬಂದೀನ್ರಿ."

ರೇವವ್ವ ಸೆರಗು ಸರಿಸಿ ಗಾಯ ತೋರಿಸಿದಳು. ಎರಡೂ ಕೈ ಜೋಡಿಸಿ ತಲೆ ಅಲ್ಲಾಡಿಸಿ ಒಳಗೆ ಹೋದಳು.

ಈರೇಶನಿಗೆ ಕಸಿವಿಸಿಯಾಯಿತು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಅವ್ವಗ ದನಿ ಹೋದ ಮ್ಯಾಲ ಯಾರ ಮುಂದೂ ಕುಂದ್ರಾಕ ಒಲ್ಲಳು. ಬರ್ರಿ, ಚಾ ಕುಡೀರಿ."

"ಹಗೇವರ ಐತೇನ್ರಿ ಇನ್ನೂ?" ಶೈಲಶ್ರೀ ಕೇಳಿದಳು.

"ಐತ್ರಿ ಹಿತ್ತಲದಾಗ. ಬಾಯಿ ತಗದು ಭಾಳ ವರ್ಷಾತು. ಈಗ ಜ್ವಾಳ ಚೀಲಕ್ಕ ತುಂಬಿ ಇಡ್ತೀವಲ್ಲ. ನೋಡ್ತೀರೇನು? ತಗಿಯೂಣು, ಅದರಾಗೇನೈತಿ."

ಜೋಳವನ್ನು ವರ್ಷಗಟ್ಟಲೆ ಕಾಪಾಡಲು ಹಿರಿಯರು ನೆಲದೊಳಗೆ ತೋಡಿದ್ದ ಕಣಜ ಅದು. ಆಳ ಎರಡಾಳು, ಬಾಯಿ ಮಾತ್ರ ಒಬ್ಬನೇ ಇಳಿಯುವಷ್ಟು ಸಣ್ಣದು, ಮೇಲೊಂದು ಬಂಡೆ. ಈರೇಶ ಮಣ್ಣು ಕೆರೆದು ಹಾರೆ ಹಾಕಿ ಬಂಡೆ ಸರಿಸಿದ. ಹಳೆಯ ಕಾಳಿನ, ಹಳೆಯ ಹೊಟ್ಟಿನ ಮುಗ್ಗಲು ವಾಸನೆ ಮೇಲೆ ಬಂತು. ಸಲೀಮ್ ಕ್ಯಾಮೆರಾ ಬಗ್ಗಿಸಿ ನೋಡಿ, ಒಳಗೆಲ್ಲ ಬರೀ ಕತ್ತಲೆ ಕಾಣುತ್ತದೆ ಅಂದ.

"ನಾ ಇಳದು ಬ್ಯಾಟರಿ ಬಿಡ್ತೀನಿ, ನೀವು ಮ್ಯಾಲಿಂದ ತಗೀರಿ," ಎಂದು ಈರೇಶ ಲುಂಗಿ ಎತ್ತಿ ಕಟ್ಟಿಕೊಂಡು ಹಗೇವಿನ ಬಾಯಲ್ಲಿ ಕಾಲು ಇಳಿಬಿಟ್ಟು ಕೂತ. ಹತ್ತಿ ಇಳಿಯಲೆಂದು ಒಳಗೋಡೆಗೆ ಕೊರೆದ ಗುಳಿಗಳಿದ್ದವು. ಮನೆಗೆ ಬಂದವರಿಗೆ ತಾಯಿಯ ಕಥೆ ಕೊಡಲಾಗಲಿಲ್ಲ, ಇದನ್ನಾದರೂ ಕೊಡೋಣ ಎಂಬ ಉಮೇದು ಅವನಿಗೆ.

ಅಡುಗೆಮನೆಯ ಹಿಂಬಾಗಿಲಿನಿಂದ ರೇವವ್ವ ನೋಡಿದಳು. ಮಗನ ಮೊಣಕಾಲು ಆಗಲೇ ಕಾಣಿಸುತ್ತಿರಲಿಲ್ಲ. "ಈರೇಶಾ" ಎಂದು ಕೂಗಿದಳು. ಗಂಟಲಿನಿಂದ ಬಂದದ್ದು ಒಲೆ ಊದುವಾಗ ಬರುವಂಥ ಗಾಳಿ. ಮತ್ತೆ ಕೂಗಿದಳು, ಮತ್ತೆ ಅದೇ ಗಾಳಿ. ಗೋಡೆಗೆ ಆನಿಸಿಟ್ಟಿದ್ದ ಹಿತ್ತಾಳೆಯ ಪರಾತ ಎತ್ತಿಕೊಂಡು ಸೌಟಿನಿಂದ ಬಡಿಯುತ್ತ ಹೊರಗೆ ಬಂದಳು. ಬಂದವರ ಮೇಲೆ ಅವ್ವನಿಗೆ ಸಿಟ್ಟು ಬಂದಿದೆ ಎಂದುಕೊಂಡ ಈರೇಶ, "ಬಂದ್ನಿ ತಡಿಯವ್ವಾ, ಒಂದ ನಿಮಿಷದ ಕೆಲಸ" ಎಂದು ಇನ್ನೊಂದು ಗುಳಿಗೆ ಕಾಲಿಟ್ಟ.

ಪರಾತದ ಸಪ್ಪಳಕ್ಕೆ ಆಚೆ ಹಿತ್ತಿಲಲ್ಲಿ ಕೌದಿ ಹೊಲಿಯುತ್ತಿದ್ದ ಖಾದರಬಿ ತಲೆಯೆತ್ತಿದಳು. ಗೋಡೆಯ ಮೇಲಿಂದ ಅವಳಿಗೆ ಕಂಡದ್ದು ತೆರೆದ ಹಗೇವು, ತಲೆಯೂ ಒಳಗಾಗುತ್ತಿದ್ದ ಈರೇಶ, ಒಂದು ಕೈ ಹಗೇವಿನ ಕಡೆಗೆ ಚಾಚಿ ಇನ್ನೊಂದು ಕೈಯಿಂದ ತನ್ನ ಕುತ್ತಿಗೆ ತಾನೇ ಹಿಡಿದುಕೊಂಡ ರೇವವ್ವ. ಆ ಕೈಗಳನ್ನು ಅವಳು ಎಷ್ಟು ಸಲ ನೋಡಿರಲಿಲ್ಲ. ಕಥೆಯಲ್ಲಿ ಆ ಜಾಗ ಬಂದಾಗ ರೇವವ್ವ ಮಾಡುತ್ತಿದ್ದದ್ದೇ ಹಾಗೆ.

"ಏ ಈರೇಶಾ!" ಹೂಂ ಬಿಟ್ಟರೆ ಬಾಯಿ ಬಿಡದ ಹೆಂಗಸಿನ ಆ ಕೂಗು ಓಣಿಯ ತುದಿಯವರೆಗೆ ಕೇಳಿತಂತೆ. "ಹಗೇವಿನವ್ವನ್ನ ಕೇಳಿದಿ ಏನೋ? ಕೇಳಲಾರ್ದ ಇಳಿತೀ ಏನು? ಹತ್ತು ಮ್ಯಾಲ. ಹತ್ತು ಅಂತೀನಿ."

ಈರೇಶ ಚಿಕ್ಕಂದಿನಲ್ಲಿ ಗದರಿಸಿಕೊಂಡಾಗ ನಿಂತ ಹಾಗೆ ಇದ್ದಲ್ಲೇ ನಿಂತ. ಆಗಲೇ ಅವನ ಕಣ್ಣು ಮಂಜಾಗಿ ಕೈ ಜಾರತೊಡಗಿತ್ತು. ಸಲೀಮ್ ಕ್ಯಾಮೆರಾ ಬಿಟ್ಟು ಎರಡೂ ರಟ್ಟೆಗೆ ಕೈ ಹಾಕಿ ಮೇಲಕ್ಕೆಳೆದುಕೊಂಡ.

ಗೋಡೆ ಸುತ್ತಿ ಬಂದ ಖಾದರಬಿ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಸಿದಳು. ಒಂದಾಳು ಇಳಿಯುವಷ್ಟರಲ್ಲಿ ಬೆಳಕು ಸಣ್ಣಗಾಗಿ, ನೀಲಿಯಾಗಿ, ಆರಿಹೋಯಿತು. ಈರೇಶ ನೆಲದ ಮೇಲೆ ಮೊಣಕಾಲ ನಡುವೆ ತಲೆ ಹಾಕಿ ಕೂತಿದ್ದ. ರೇವವ್ವ ಅವನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು.

"ಗೊತ್ತಿತ್ತಬೇ," ಅಂದ ಈರೇಶ. "ಗೊತ್ತಿದ್ದೂ ಮರತೆ."

ಆಸ್ಪತ್ರೆಯಿಂದ ಬಂದ ಮೇಲೆ ರೇವವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳೇ ಹೊರತು ಮನಸ್ಸು ಬಿಚ್ಚಿ ಏನನ್ನೂ ಹೇಳಿರಲಿಲ್ಲ. ದನಿ ತೆಗೆದುಕೊಂಡನಲ್ಲ ಎಂಬ ಮುನಿಸು ಒಳಗೇ ಇತ್ತು. ತನ್ನ ಜೀವ ಉಳಿದದ್ದಕ್ಕೆ ಕೃತಜ್ಞತೆ ಹೇಳುವುದೂ ಬಾಕಿಯಿತ್ತು. ಅವತ್ತು ಹಿತ್ತಿಲಲ್ಲಿ, ಮಗನ ಬೆವೆತ ತಲೆ ಹಿಡಿದುಕೊಂಡು ನಿಂತಲ್ಲೇ ಎರಡನ್ನೂ ಒಟ್ಟಿಗೇ ಹೇಳಿದಳು. ತುಟಿ ಅಲ್ಲಾಡಿದ್ದು ಮಾತ್ರ ಬೇರೆಯವರಿಗೆ ಕಂಡಿತು.

ಎಲ್ಲರೂ ಚಹಾ ಕುಡಿದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಶೈಲಶ್ರೀ ಖಾದರಬಿಯನ್ನು ಕೇಳಿದಳು. "ಹಗೇವಿನವ್ವನ ಕಥಿ ನಿಮಗ ಬರತೈತೇನ್ರಿ?"

"ಅದು ರೇವಕ್ಕನ ಕಥಿಯವ್ವಾ. ನಾ ಹೆಂಗ ಹೇಳ್ಲಿ?"

ರೇವವ್ವ ಎದ್ದಳು. ಖಾದರಬಿಯ ಕೈ ಹಿಡಿದು ಕಟ್ಟೆಯ ಮೇಲೆ ತಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಕೂರಿಸಿದಳು. ತಾನು ಬಾಜೂಕ್ಕೆ ಕೂತಳು. ಖಾದರಬಿ ಇನ್ನೂ ಅನುಮಾನಿಸುತ್ತಿದ್ದಾಗ ರೇವವ್ವ ಅವಳ ತೊಡೆ ತಟ್ಟಿ, ಇದ್ದ ಉಸಿರನ್ನೆಲ್ಲ ಕೂಡಿಸಿ, "ಹೂಂ" ಅಂದಳು. ಆ ಒಂದು ಸದ್ದಿಗೆ ದನಿ ಬೇಕಾಗಿರಲಿಲ್ಲ.

ಸಲೀಮ್ ಕ್ಯಾಮೆರಾ ಶುರು ಮಾಡಿದ. ಖಾದರಬಿ ಹೇಳತೊಡಗಿದಳು.

"ಒಂದೂರಾಗ ಒಂದು ದೊಡ್ಡ ಮನಿ. ಹಗೇವು ತುಂಬ ಜ್ವಾಳ. ಮನೀ ಹಿರಿಯಾಗ ಕೊಡೋ ಕೈಯಿಲ್ಲ. ಸಣ್ಣ ಸೊಸಿಗೆ ಬಂದೋರನ್ನ ಬರಿಗೈಲೆ ಕಳಸಾಕ ಮನಸಿಲ್ಲ. ಮಧ್ಯಾಹ್ನ ಮನಿ ಮಂದಿ ಮಲಗಿದ್ರ ಅಕಿ ಹಗೇವಿಗೆ ಇಳದು ಉಡ್ಯಾಗ ಜ್ವಾಳ ತುಂಬ್ಕೊಂಡು ಹಿತ್ತಲ ಬಾಗಲಕ ಬಂದೋರಿಗೆ ಹಾಕಾಕಿ. ಒಂದಿನ ಭಾವ ನೋಡಿದ. ಅಕಿ ಒಳಗಿದ್ದಾಗನ ಬಾಯಿಗೆ ಬಂಡೆಗಲ್ಲು ಎಳದುಬಿಟ್ಟ."

ರೇವವ್ವನ ಅಂಗೈ ನಿಧಾನಕ್ಕೆ ಗಾಳಿಯಲ್ಲಿ ಸರಿದು ಮುಚ್ಚಿಕೊಂಡಿತು.

"ನಾ ಒಳಗದೀನ್ರಿ, ತಡೀರಿ ಅಂತ ಅಕಿ ಕೂಗಿದಳು. ಮನಿಯೋರು ಕೇಳಿ ಕೇಳದಂಗ ಕುಂತ್ರು. ಕೂಗು ನಿಂತತು. ಮರುದಿನ ಜ್ವಾಳ ತಗಿಯಾಕ ಭಾವ ತಾನ ಇಳದ. ಅಂವ ಮ್ಯಾಲ ಬರಲಿಲ್ಲ. ಅವನ ಹುಡುಕಾಕ ಆಳು ಇಳದ. ಅವನೂ ಬರಲಿಲ್ಲ. ನನ್ನ ಉಸುರು ನೀವು ತಗೊಂಡ್ರಿ, ನಿಮ್ಮ ಉಸುರು ನಾ ತಗೋತೀನಿ ಅಂತ ಅಕಿ ಗಂಟಲಾ ಹಿಡೀತಿದ್ಲು. ಕಡೀಕ ಮನೀ ಮುದುಕಿ ದೀಪ ಹಗ್ಗಕ್ಕ ಕಟ್ಟಿ ಇಳಿಬಿಟ್ಟು ಅಂದಳು, ಯವ್ವಾ ತಪ್ಪಾತು. ಇನ್ನ ಮ್ಯಾಲ ಕೇಳಲಾರದ ನಿನ್ನ ಮನಿಗೆ ಬರೂದಿಲ್ಲ. ನೀ ಒಲ್ಲೆ ಅಂದ್ರ ದೀಪ ಆರಸು, ಬಾ ಅಂದ್ರ ದೀಪ ಉಳಸು. ಅವತ್ತಿಂದ ದೀಪ ಉರದ್ರ ಇಳಿಯೂದು, ಆರಿದ್ರ ಬಾಯಿ ತಗದು ಬಿಟ್ಟು ಕಾಯೂದು."

ಇಲ್ಲಿಗೆ ಕಥೆ ಮುಗಿಯಬೇಕು. ಇಷ್ಟು ವರ್ಷ ರೇವವ್ವ ಮುಗಿಸುತ್ತಿದ್ದದ್ದು, ಹಗೇವಿನವ್ವ ಒಬ್ಬಳೇ ಆ ಕತ್ತಲೆಯಲ್ಲಿ ಇವತ್ತಿಗೂ ಕೂತಿದ್ದಾಳೆ ಎಂದು. ಕೈಗಳನ್ನು ತೊಡೆಯ ಮೇಲೆ ಇಳಿಸಲು ಹೊರಟಳು. ಆದರೆ ಖಾದರಬಿ ನಿಲ್ಲಿಸಲಿಲ್ಲ.

"ಆದ್ರ ಅಕಿ ಅಲ್ಲೇ ಕುಂದ್ರಲಿಲ್ಲ. ಒಡದ ಕೈಬಳಿ ಚೂರಿಲೆ ಮಣ್ಣು ಕೆದರಿದಳು. ಕೆದರಿ ಕೆದರಿ ಬಾಜೂ ಮನಿ ಹಗೇವಿಗೆ ಹಾದಿ ಮಾಡಿದಳು, ಅಲ್ಲಿಂದ ಅದರ ಬಾಜೂ ಮನಿಗೆ. ಊರ ಕೆಳಗೆಲ್ಲ ಈಗ ಅಕೀ ಹಾದಿ. ಯಾರ ಮನ್ಯಾಗ ಕಾಳು ಮುಗಿಯಾಕ ಬಂತೋ ಅಲ್ಲಿಗೆ ಒಂದು ಬೊಗಸಿ ದೂಡತಾಳ. ಒಮ್ಮೆ ಒಂದು ಹುಡುಗಿಗೆ ಜ್ವರಾ ಬಂದಿತ್ತು. ಹಗೇವಿನಾಗಿಂದ ಎದ್ದು ಬಂದು ಹುಡುಗಿ ತಲಿದೆಸೀಗೆ ಕುಂತಳು. ಮಣ್ಣಾಗಿದ್ದಾಕಿ, ಕೈ ತಣ್ಣಗ ಇದ್ದವು. ಹಣಿ ಮ್ಯಾಲ ಇಟ್ಟಳು. ಜ್ವರಾ ಇಳೀತು."

ರೇವವ್ವನ ಕೈಗಳು ಗಾಳಿಯಲ್ಲೇ ನಿಂತಿದ್ದವು. ಮೊದಲು ಅವಳಿಗೆ ಬಂದದ್ದು ಸಿಟ್ಟು. ನನ್ನ ಕಥೆಗೆ ಇವಳು ಬಾಲ ಹಚ್ಚಿದಳಲ್ಲ ಎನಿಸಿತು. ಆದರೆ ಆ ಬಾಲ ಕಥೆಗೆ ಎಷ್ಟು ಚೆನ್ನಾಗಿ ಒಪ್ಪಿತ್ತೆಂಬುದು ಕಥೆ ಹೇಳುವವಳಾದ ಅವಳಿಗೆ ಆಗಲೇ ತಿಳಿದೂ ಇತ್ತು. ಕೈಗಳು ತಾವಾಗಿಯೇ ಕೆಳಗಿಳಿದು ಕಾಣದ ಹುಡುಗಿಯ ಹಣೆ ಮುಟ್ಟಿದವು.

ಶೈಲಶ್ರೀ, ಸಲೀಮ್ ಹೊರಟು ಹೋದ ಮೇಲೆ ರೇವವ್ವ ಖಾದರಬಿಯ ಕಿವಿಗೆ ಬಾಯಿ ಹಚ್ಚಿದಳು. "ಆ ಕಡೀದು ಎಲ್ಲಿಂದ ತಂದೀಬೇ?"

ಖಾದರಬಿ ಅವಳನ್ನು ದಿಟ್ಟಿಸಿ ನೋಡಿದಳು. "ನೀನ ಕೊಟ್ಟಿದ್ದಲ್ಲೇನಕ್ಕಾ. ನಮ್ಮ ಶಬನಮ್ ಸಣ್ಣಾಕಿದ್ದಾಗ ಜ್ವರಾ ತಲಿಗೇರಿ ಹುಬ್ಬಳ್ಳಿ ದವಾಖಾನ್ಯಾಗ ಹಾಕಿರಲಿಲ್ಲೇನು? ನೀ ರೊಟ್ಟಿ ಕಟ್ಕೊಂಡು ಬಂದಿದ್ದಿ. ಕಥಿ ಹೇಳು ಅಂದಳು, ಇದನ್ನ ಹೇಳಿದಿ. ಆ ಅವ್ವ ಒಳಗ ಸತ್ತಳೇನು ಅಂತ ಕೇಳಿದಳು. ಇಲ್ಲಬೇ ಮಗಳ, ಅಕಿ ಯಾಕ ಸಾಯ್ತಾಳ ಅಂತ ಅಲ್ಲೇ ಕುಂತು ಉಳದದ್ದು ಹೇಳಿದಿ. ಆಮ್ಯಾಲ ನಾ ಅದನ್ನ ಅಕಿಗೆ ದಿನಾ ಹೇಳಿದೆ. ಆರಾಮಾಗಿ ಮನಿಗೆ ಬರೂತನಕ ಹೇಳಿದೆ."

ರೇವವ್ವನಿಗೆ ನೆನಪಿದ್ದದ್ದು ಆಸ್ಪತ್ರೆಯ ಔಷಧದ ವಾಸನೆ, ಆ ಮಗುವಿನ ಕಡ್ಡಿಯಂಥ ಕೈ, ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತದ್ದು. ಕಥೆ ನೆನಪಿರಲಿಲ್ಲ. ಅದೆಷ್ಟೋ ಕಥೆ ಹೇಳಿದ್ದಳು, ಅದರಲ್ಲಿ ಅದೂ ಒಂದಾಗಿ ಹೋಗಿತ್ತು.

"ನಾ ಮರತೆ," ಎಂದು ಪಿಸುಗುಟ್ಟಿದಳು.

"ಮರೀ. ನಿನಗ ನೂರಾ ಎಂಟು ಕಥಿ," ಅಂದಳು ಖಾದರಬಿ. "ನನಗ ಬೇಕಾಗಿತ್ತು, ನಾ ಇಟ್ಕೊಂಡೆ."

ರೇವವ್ವ ಅವಳ ಕೈ ಬಿಡಲಿಲ್ಲ. ಖಾದರಬಿಯ ಒಲೆಯ ಮೇಲೆ ಅನ್ನವಿತ್ತು. ಹೊತ್ತುತ್ತದೆ ಬಿಡಕ್ಕಾ ಎಂದರೂ ಬಿಡಲಿಲ್ಲ.

ಸಿನಿಮಾ ತಯಾರಾದಾಗ ಶೈಲಶ್ರೀ ಅದನ್ನು ಮೊದಲು ಶಲವಡಿಗೇ ತಂದಳು. ಭಾನುವಾರ ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯಲ್ಲಿ ತೋರಿಸುವುದೆಂದಾಯಿತು. ಬೆಳಕು ಬರಬಾರದೆಂದು ಕಿಟಕಿಗೆಲ್ಲ ಕೌದಿ ಕಟ್ಟಿದರು. ಜನ ಬಾಗಿಲಿನಾಚೆ ನಿಲ್ಲುವಷ್ಟು ಕೂಡಿದರು. ನವಲಗುಂದದಲ್ಲಿ ಶಿಕ್ಷಕಿಯಾಗಿದ್ದ ಶಬನಮ್ ಮಗಳನ್ನು ಕರೆದುಕೊಂಡು ಬಂದು ತಾಯಿ, ರೇವವ್ವ ಇಬ್ಬರ ನಡುವೆ ಕೂತಳು.

ಬೇರೆ ಊರಿನವರೂ ಇದ್ದರು ಆ ಸಿನಿಮಾದಲ್ಲಿ. ದೇವಿಕೊಪ್ಪದ ಒಬ್ಬ ಅಜ್ಜ ಕಾಡಿನಲ್ಲಿ ಹೆಸರು ಹಿಡಿದು ಕೂಗುವವಳ ಬಗ್ಗೆ ಹೇಳಿದ, ಹುಡುಗರು ಒಬ್ಬರ ಮೇಲೊಬ್ಬರು ಸರಿದು ಕೂತರು. ಆಮೇಲೆ ಗೋಡೆಯ ತುಂಬ ರೇವವ್ವನ ಕೈ ಬಂದವು. ಗಂಟು ಗಂಟಾದ ಬೆರಳು, ಸುಟ್ಟ ಕಲೆ, ಹಸಿರು ಬಳೆ. ಅವು ಬಂಡೆ ಎಳೆದವು, ದೀಪ ಇಳಿಸಿದವು, ಮಣ್ಣು ಕೆದರಿದವು. ಬಾಜೂಕ್ಕೆ ಖಾದರಬಿಯ ದನಿ. ಇಷ್ಟು ವರ್ಷ ರೇವವ್ವ ತನ್ನ ಕಥೆಯೆಲ್ಲ ಗಂಟಲಲ್ಲಿದೆ ಎಂದು ತಿಳಿದಿದ್ದಳು. ತಾನು ಕಥೆ ಹೇಳುವಾಗ ಎದುರಿದ್ದವರು ನೋಡುತ್ತಿದ್ದದ್ದು ಏನನ್ನು ಎಂಬುದು ಈಗ ಅವಳಿಗೆ ಮೊದಲ ಸಲ ಕಂಡಿತು. ಜ್ವರದ ಹುಡುಗಿಯ ಮಾತು ಬಂದಾಗ ಶಬನಮ್ ರೇವವ್ವನ ಅಂಗೈ ತೆಗೆದುಕೊಂಡು ತನ್ನ ಹಣೆಗೆ ಒತ್ತಿಕೊಂಡಳು.

ಆ ಮೇಲೆ ಕರೆಗಳು ಬಂದವು. ಕುಂದಗೋಳದಿಂದ ಬಂತು, ಕಲಘಟಗಿಯಿಂದ ಬಂತು. ಇಬ್ಬರೂ ಒಟ್ಟಿಗೇ ಹೋಗುವುದು ಪದ್ಧತಿಯಾಯಿತು. ಹೊರಡುವ ಹಿಂದಿನ ದಿನ ಗೋಡೆಯ ಹತ್ತಿರ ನಿಂತು ರೇವವ್ವ ಖಾದರಬಿಯ ಕಿವಿಯಲ್ಲಿ ಒಂದೊಂದೇ ಕಥೆ ಬಿಡಿಸಿಡುತ್ತಿದ್ದಳು. ಈರೇಶ ಬಸ್ಸಿನವರೆಗೂ ಗಾಡಿಯಲ್ಲಿ ಬಿಟ್ಟು ಬರುತ್ತಿದ್ದ. ಹೆಂಗಸರು ಮತ್ತೆ ಮೆಣಸಿನಕಾಯಿಯ ಬುಟ್ಟಿ ಹೊತ್ತು ಪಡಸಾಲೆಗೆ ಬರತೊಡಗಿದರು.

ಒಂದು ಸಲ ಅಣ್ಣಿಗೇರಿಯ ಶಾಲೆಯೊಂದರಲ್ಲಿ ಕಥೆ ಮುಗಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಹಗೇವಿನವ್ವ ಈಗ ಎಲ್ಲಿ ಅದಾಳ್ರಿ?"

ಇಬ್ಬರೂ ಒಂದೇ ಸಲಕ್ಕೆ ಕೈ ಮಾಡಿ ತೋರಿಸಿದರು. ರೇವವ್ವ ತೋರಿಸಿದ್ದು ಶಲವಡಿಯ ದಿಕ್ಕಿಗೆ, ಖಾದರಬಿ ತೋರಿಸಿದ್ದು ನೇರ ಆ ಹುಡುಗಿಯ ಕಾಲ ಕೆಳಗೆ. ಹುಡುಗರು ನಕ್ಕು ಕಾಲು ಮೇಲೆತ್ತಿಕೊಂಡರು.

ಬಸ್ಸಿನಲ್ಲಿ ಊರಿಗೆ ಬರುವಾಗ ಅದೇ ಜಗಳ. ನಮ್ಮೂರಿನವಳನ್ನು ಅಣ್ಣಿಗೇರಿಗೆ ಯಾಕೆ ಕಳಿಸಿದೆ ಎಂದು ರೇವವ್ವ ಕೈಸನ್ನೆಯಲ್ಲಿ ಕೇಳಿದಳು. "ಹಾದಿ ಆಕೀದು, ಎಲ್ಲಿಗೆ ಬೇಕಾದ್ರೂ ಹೋಗ್ತಾಳ. ನಿನ್ನ ಕೇಳಿ ಹೋಗಬೇಕೇನು?" ಅಂದಳು ಖಾದರಬಿ. ಕಿಟಕಿಯಾಚೆ ಕಡಲೆ ಕಿತ್ತ ಎರೆಹೊಲಗಳು ಕಪ್ಪಗೆ ಮಲಗಿದ್ದವು. ರೇವವ್ವ ಇನ್ನೇನೋ ಹೇಳಬೇಕೆಂದು ತಿರುಗಿದರೆ ಖಾದರಬಿ ಸೀಟಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ದಿನವೆಲ್ಲ ಇಬ್ಬರ ಮಾತೂ ಅವಳೊಬ್ಬಳೇ ಆಡಿದ್ದಳಲ್ಲ. ರೇವವ್ವ ಸರಿದು ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಶಲವಡಿ ಬಂದರೂ ಎಬ್ಬಿಸಲು ಮನಸ್ಸಾಗದೆ, ಕಂಡಕ್ಟರ್ ಎರಡನೇ ಸಲ ಊರಿನ ಹೆಸರು ಕೂಗುವವರೆಗೂ ಹಾಗೇ ಕೂತಿದ್ದಳು.